ಆರು ಡಬ್ಬಿ ಮಣ್ಣು

ನಾನು ಹಂಪಿಯ ಪಕ್ಕದ ಕಡ್ಡಿರಾಂಪುರದವನು. ದೊಡ್ಡ ಯುದ್ಧದ ಕಾಲದಲ್ಲಿ ನಮ್ಮ ಸೀಮೆಯಿಂದ ಆಳುಗಳನ್ನು ಸೇರಿಸಿಕೊಂಡು ಹೋದಾಗ ನಾನೂ ಹೋದೆ. ಬಂದೂಕು ಹಿಡಿಯಲು ಅಲ್ಲ, ಗಾಯಗೊಂಡವರನ್ನು ಡೋಲಿಯಲ್ಲಿ ಹೊರಲು. ಬಸ್ರಾದ ಆಚೆ, ಮರಳು ಮತ್ತು ನೊಣಗಳ ನಾಡಿನಲ್ಲಿ ಎರಡು ವರ್ಷ ಹೊತ್ತೆ. ಯಾರ ಜಗಳಕ್ಕೆ ಯಾರನ್ನು ಹೊರುತ್ತಿದ್ದೇನೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಒಂದು ವಿದ್ಯೆ ಮಾತ್ರ ಕೈಗೆ ಹತ್ತಿತು.

ಕಲಿಸಿದವನು ಒಬ್ಬ ತಮಿಳು ಹವಾಲ್ದಾರ. ಬೈದು ಬೈದು ಕಲಿಸಿದ. ಗಾಯಾಳುಗಳ ನಡುವೆ ಹೋದಾಗ ಕೂಗುವವನ ಹತ್ತಿರ ಮೊದಲು ಓಡಬೇಡ, ಕೂಗುವವನಿಗೆ ಉಸಿರಿದೆ. ಸುಮ್ಮನೆ ಬಿದ್ದವನನ್ನು ನೋಡು. ಉಸಿರು ನೋಡು, ಆಮೇಲೆ ರಕ್ತ, ಎಲುಬು ಕಡೆಗೆ. ರಕ್ತ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಬಟ್ಟೆ ಸುತ್ತಿ, ಕೋಲು ತೂರಿಸಿ ತಿರುವಿ ಬಿಗಿ. ಬಿಗಿದ ಗಂಟೆಯನ್ನು ಚೀಟಿಯಲ್ಲಿ ಬರೆದು ಗಾಯಾಳುವಿನ ಮೈಮೇಲೆ ಕಟ್ಟು. ಕಾಲು ಗಂಟೆಗೊಮ್ಮೆ ಸಡಿಲಿಸು, ಅದನ್ನೂ ಬರೆ. ಗಂಟೆ ಬರೆಯದೆ ಬಿಗಿದವನು ಆ ಕಾಲನ್ನು ತಾನೇ ಕಡಿದಂತೆ ಎನ್ನುತ್ತಿದ್ದ. ಅದಕ್ಕಾಗಿಯೇ ನಾನು ಬಸ್ರಾದ ಸಂತೆಯಲ್ಲಿ ಒಂದು ಜೇಬುಗಡಿಯಾರ ಕೊಂಡೆ.

ಊರಿಗೆ ಬಂದ ಮೇಲೆ ಸಂಡೂರಿನ ಗುಡ್ಡದ ಒಂದು ಮ್ಯಾಂಗನೀಸ್ ಗಣಿಯಲ್ಲಿ ಡ್ರೆಸ್ಸರ್ ಕೆಲಸ ಸಿಕ್ಕಿತು. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ತಗಡಿನ ಕೋಣೆ, ಒಂದು ಮರದ ಪೆಟ್ಟಿಗೆ, ಅದರಲ್ಲಿ ಅಯೋಡಿನ್, ಹತ್ತಿ, ಪಟ್ಟಿ, ಕ್ವಿನೈನ್, ಹರಳೆಣ್ಣೆ. ಗಾಯಾಳುಗಳನ್ನು ಹೊರಲು ಒಂದು ಡೋಲಿ ಬೇಕೆಂದು ಕಚೇರಿಯಲ್ಲಿ ಕೇಳಿದೆ. ಮುಂದಿನ ವರ್ಷ ನೋಡೋಣ ಎಂದರು. ಮೂರು ವರ್ಷ ಕೇಳಿದೆ, ಮೂರು ವರ್ಷವೂ ಅದೇ ಮಾತು. ಗುಂಡು ಹಾರುವ ಜಾಗದಲ್ಲಿ ಹೊರುವ ನಾಲ್ಕು ಜನಕ್ಕೊಂದು ಡೋಲಿ ಇತ್ತು. ಆರುನೂರು ಜನ ಬಂಡೆಯ ಕೆಳಗೆ ದುಡಿಯುವ ಜಾಗದಲ್ಲಿ ಒಂದೂ ಇರಲಿಲ್ಲ.

ಗಂಡಸರು ಅಗೆಯುತ್ತಿದ್ದರು, ಒಡೆಯುತ್ತಿದ್ದರು. ಹೆಂಗಸರು ಅದಿರನ್ನು ಬುಟ್ಟಿಯಲ್ಲಿ ಹೊತ್ತು ರೈಲಿನ ಡಬ್ಬಿಗಳಿಗೆ ತುಂಬುತ್ತಿದ್ದರು. ಅದಿರು ಎಂಬುದು ಕಚೇರಿಯ ಮಾತು, ಹೊರುವವರು ಮಣ್ಣು ಎನ್ನುತ್ತಿದ್ದರು. ಬೆಳಿಗ್ಗೆ ಖಾಲಿ ಗಾಡಿ ಹೊಸಪೇಟೆಯಿಂದ ಬಂದು ಗುಡ್ಡದ ಬುಡದಲ್ಲಿ ನಿಲ್ಲುತ್ತಿತ್ತು. ಹೆಂಗಸರು ಹಾಡಿಕೊಂಡು, ನಡುವೆ ಬುತ್ತಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಹಾಲು ಕುಡಿಯುವ ಕೂಸು ಇದ್ದವರು ಕೂಸಿಗೆ ಮೊಲೆ ಕೊಟ್ಟು, ಸಂಜೆ ಐದರ ಹೊತ್ತಿಗೆ ತುಂಬಿ ಮುಗಿಸುತ್ತಿದ್ದರು. ತುಂಬಿದ ಮೇಲೆ ಗಾಡಿ ಹೊರಡುತ್ತಿತ್ತು.

ಆ ವರ್ಷ ಕಾರ್ತಿಕದಲ್ಲಿ ಮಳೆ ಬಿಡಲಿಲ್ಲ. ಮಳೆ ನಿಂತ ಎರಡನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲಿನ ಅಗೆತದ ಗುಂಡಿಯ ಗೋಡೆ ಕುಸಿಯಿತು. ಸಿಡಿಮದ್ದಿನ ಸದ್ದಲ್ಲ ಅದು, ಯಾರೋ ದೊಡ್ಡ ಚೀಲವನ್ನು ಎಳೆದಂಥ ಸದ್ದು. ಪೆಟ್ಟಿಗೆ ಎತ್ತಿಕೊಂಡು ಓಡಿದೆ.

ಸಿಕ್ಕಿಬಿದ್ದವರು ಇಬ್ಬರು. ಒಬ್ಬ, ಗಣಿಯ ಮೇಸ್ತ್ರಿಯ ಹೆಂಡತಿಯ ತಮ್ಮ. ತಲೆ ಒಡೆದು ಮುಖವೆಲ್ಲ ರಕ್ತ. ಸತ್ತೆ ಸತ್ತೆ ಎಂದು ಗುಡ್ಡವೆಲ್ಲ ಕೇಳುವಂತೆ ಕೂಗುತ್ತಿದ್ದ. ಜನವೆಲ್ಲ ಅವನ ಸುತ್ತ. ಇನ್ನೊಬ್ಬಳು ಬುಟ್ಟಿ ಹೊರುವ ಹೆಂಗಸು, ಇಪ್ಪತ್ತೆರಡರ ವಯಸ್ಸು. ಅವಳ ಗಂಡ ಕಂಪ್ಲಿಯ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗಿದ್ದ. ಅತ್ತೆ ಸೊಸೆ ಇಬ್ಬರೇ ಗಣಿಯಲ್ಲಿದ್ದರು. ಅವಳ ಸೊಂಟದಿಂದ ಕೆಳಗಿನ ಕಲ್ಲುಗಳನ್ನು ಅತ್ತೆ ಒಬ್ಬಳೇ ಕೈಯಿಂದ ಎತ್ತಿ ಎತ್ತಿ ಎಸೆಯುತ್ತಿದ್ದಳು. ಸೊಸೆ ಆಕಾಶ ನೋಡುತ್ತ ಮಲಗಿದ್ದಳು. ಒಂದು ಮಾತಿಲ್ಲ.

ಮೇಸ್ತ್ರಿ ನನ್ನ ರಟ್ಟೆ ಹಿಡಿದ. "ಇಲ್ಲಿ ಬಾರೋ, ತಲಿ ಒಡದೈತಿ ನೋಡು, ಮೆದುಳು ಹೊರಗ ಬಂದೀತು!"

ನಾನು ಅವನ ಕೈ ಬಿಡಿಸಿಕೊಂಡೆ. "ಅಷ್ಟು ಜೋರಾಗಿ ಒದರ್ತಾನಂದ್ರ ಇನ್ನೂ ಒಂದ್ತಾಸು ಒದರ್ತಾನ ಬಿಡ್ರಿ. ಒಂದು ಬಟ್ಟಿ ಮಡಚಿ ಒತ್ತಿ ಹಿಡೀರಿ," ಎಂದು ಹೆಂಗಸಿನ ಹತ್ತಿರ ಕುಳಿತೆ.

ತಲೆಯ ಚರ್ಮ ಸ್ವಲ್ಪ ಹರಿದರೂ ಹೊಳೆಯಂತೆ ರಕ್ತ ಬರುತ್ತದೆ. ನೋಡುವವರ ಎದೆ ಒಡೆಯುತ್ತದೆ, ಗಾಯಾಳುವಿನ ಜೀವಕ್ಕೇನೂ ಆಗುವುದಿಲ್ಲ. ಇವಳದು ಬೇರೆ. ಮುಖ ಬೂದಿ ಬಣ್ಣ. ಹಣೆ ಮುಟ್ಟಿದರೆ ತಣ್ಣಗೆ, ಬೆವರು. ನಾಡಿ ದಾರದ ಎಳೆಯ ಹಾಗೆ, ಎಣಿಸಲು ಆಗದಷ್ಟು ಬೇಗ. ಬಲತೊಡೆ ಮುರಿದು ಎಲುಬಿನ ತುದಿ ಹೊರಗೆ ಬಂದಿತ್ತು. ಅವಳ ಕೆಳಗಿನ ಮಣ್ಣು ಕಪ್ಪಾಗಿತ್ತು. ಅದಿರಿನ ಮಣ್ಣು ಮೊದಲೇ ಕಪ್ಪು, ಆದ್ದರಿಂದ ರಕ್ತ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಕೈಯಿಟ್ಟಾಗ ಬೆಚ್ಚಗಿತ್ತು.

ಬಟ್ಟೆ ಒತ್ತಿ ಹಿಡಿದೆ, ನಿಲ್ಲಲಿಲ್ಲ. ನನ್ನ ರುಮಾಲು ಬಿಚ್ಚಿ ತೊಡೆಯ ಬುಡಕ್ಕೆ ಸುತ್ತಿ, ಸುತ್ತಿಗೆಯ ಕಾವು ತೂರಿಸಿ ತಿರುವಿದೆ. ನಿಂತಿತು. ಗಡಿಯಾರ ನೋಡಿ ಚೀಟಿ ಬರೆದೆ: ಹತ್ತು ಇಪ್ಪತ್ತು, ಬಿಗಿದದ್ದು.

ಕಾಲು ನೆಟ್ಟಗೆ ಮಾಡದೆ ಎತ್ತಿದರೆ ಎಲುಬಿನ ತುದಿ ಒಳಗಿನ ಮಾಂಸವನ್ನು ಕೊಯ್ಯುತ್ತದೆ. ಅತ್ತೆಯನ್ನು ಕರೆದು ಪಾದ ಹಿಡಿಸಿದೆ.

"ಯಮ್ಮಾ, ಹಿಮ್ಮಡಕ ಒಂದು ಕೈ, ಪಾದದ ಮ್ಯಾಲ ಒಂದು ಕೈ. ಮೆಲ್ಲಕ ಎಳಿ. ಆಕಿ ಒದರಿದ್ರೂ ಬಿಡಬ್ಯಾಡ."

"ನನ್ ಕೈಲೆ ಆಗಂಗಿಲ್ಲೋ ಯಪ್ಪಾ."

"ಕಲ್ಲು ಎತ್ತಿದ ಕೈ ಅವು. ಎಳಿ."

ಮುದುಕಿ ಎಳೆದಳು. ಸೊಸೆ ಆಗ ಮೊದಲ ಸಲ ಕೂಗಿದಳು. ಮುದುಕಿಯ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಸಡಿಲಾಗಲಿಲ್ಲ. ಕಂಕುಳಿಂದ ಹಿಮ್ಮಡದ ಆಚೆಯವರೆಗೆ ಒಂದು ಬಿದಿರು ಇಟ್ಟು ಎದೆಗೆ, ಸೊಂಟಕ್ಕೆ, ಮೊಣಕಾಲಿಗೆ, ಪಾದಕ್ಕೆ ಸೀರೆಯ ಪಟ್ಟಿಗಳಿಂದ ಬಿಗಿದೆ. ಮೈಮೇಲೆ ಕಂಬಳಿ ಹೊದಿಸಿದೆ. ಆಮೇಲೆ ಹೋಗಿ ಮೇಸ್ತ್ರಿಯ ಭಾವಮೈದುನನ ತಲೆಗೆ ಪಟ್ಟಿ ಸುತ್ತಿದೆ. ಅಷ್ಟರಲ್ಲಿ ಅವನು ಬೀಡಿ ಕೇಳುತ್ತಿದ್ದ.

ಹೆಂಗಸು ನೀರು ಕೇಳಿದಳು. ಆಸ್ಪತ್ರೆಯಲ್ಲಿ ಕ್ಲೋರೋಫಾರ್ಮ್ ಕೊಡಬೇಕಾದೀತು, ಹೊಟ್ಟೆಯಲ್ಲಿ ನೀರಿದ್ದರೆ ವಾಂತಿ ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ, ಅಷ್ಟೇ.

"ಸಾಯಾಕಿಗೆ ಒಂದ್ ಗುಟುಕು ನೀರೂ ಕೊಡಂಗಿಲ್ಲೇನು? ನೀನು ಮನಿಷಾನೋ ಏನೋ?" ಎಂದು ಒಬ್ಬಳು ಬೈದಳು.

ಈಗ ಒಯ್ಯುವುದು ಹೇಗೆ? ಸಂಡೂರು ಹತ್ತಿರವೇ, ಆದರೆ ಆ ದಾರಿಯ ಹಳ್ಳ ತುಂಬಿ ಬಂದಿತ್ತು. ಅಲ್ಲಿ ಎಲುಬು ಹೊರಗೆ ಬಂದ ಗಾಯಕ್ಕೆ ಕೈ ಹಾಕುವ ಡಾಕ್ಟರೂ ಇರಲಿಲ್ಲ. ಹೊಸಪೇಟೆಗೇ ಹೋಗಬೇಕು.

"ದೊರೀ ಮೋಟಾರು ಐತಲ್ರಿ?" ಎಂದು ಮೇಸ್ತ್ರಿಯನ್ನು ಕೇಳಿದೆ. ಗಣಿಯ ಮ್ಯಾನೇಜರ್ ಬಿಳಿಯ. ನಾವೆಲ್ಲ ದೊರೆ ಎನ್ನುತ್ತಿದ್ದೆವು.

"ಮೋಟಾರು ಹಂಪಿಗೆ ಹೋಗೇತಿ. ಮದ್ರಾಸಿಂದ ಯಾರೋ ಬಂದಾರಂತ. ಗುಡಿ ತೋರ್ಸಾಕ ಕರ್ಕೊಂಡು ಹೋಗ್ಯಾರ."

ನಾನು ಹುಟ್ಟಿದಾಗಿನಿಂದ ಆ ಹಾಳು ಗುಡಿಗಳ ಪಕ್ಕದಲ್ಲೇ ದನ ಮೇಯಿಸಿದವನು. ಅವು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ, ಮರುದಿನ ನೋಡಬಹುದಿತ್ತು. ಆದರೆ ಯಾರನ್ನು ಬೈಯುವುದು? ದೊರೆಗೆ ಗೋಡೆ ಕುಸಿಯುತ್ತದೆಂದು ಗೊತ್ತಿರಲಿಲ್ಲ. ಕುಸಿಯಬಹುದೆಂದು ಮೇಸ್ತ್ರಿ ಹಿಂದಿನ ದಿನವೇ ಅವನಿಗೆ ಹೇಳಿದ್ದನಂತೆ. ಆ ಮಾತು ಬೇರೆ.

ಹಗ್ಗದ ಮಂಚವೊಂದನ್ನು ತಂದೆವು. ಆರು ಜನ ಮಂಚ ಹೊತ್ತು ಗುಡ್ಡ ಇಳಿದರು. ನಾನು ಪಕ್ಕದಲ್ಲಿ ನಡೆಯುತ್ತ, ಕಾಲು ಗಂಟೆಗೊಮ್ಮೆ ಮಂಚ ಕೆಳಗಿಡಿಸಿ, ಕಟ್ಟು ಸಡಿಲಿಸಿ ನೋಡಿ, ಮತ್ತೆ ಬಿಗಿದು, ಬರೆದೆ. ಹತ್ತು ಮೂವತ್ತೈದು. ಹತ್ತು ಐವತ್ತು. ಹನ್ನೊಂದು ಐದು. ಹನ್ನೊಂದು ಇಪ್ಪತ್ತು. ಬುಡಕ್ಕೆ ಬಂದಾಗ ಹನ್ನೊಂದೂವರೆ. ಗಾಡಿ ನಿಂತಿತ್ತು. ಮುಂದಿನ ಡಬ್ಬಿಗಳಿಗೆ, ನಿನ್ನೆ ಉಳಿದ ರಾಶಿಯಿಂದ, ಬೆಳಿಗ್ಗೆಯೇ ಅದಿರು ತುಂಬಿದ್ದರು. ಹಿಂದಿನ ಆರು ಖಾಲಿ.

ಗಾರ್ಡ್ ತನ್ನ ಡಬ್ಬಿಯ ಮೆಟ್ಟಿಲ ಮೇಲೆ ಕುಳಿತು ಪೇಪರು ಓದುತ್ತಿದ್ದ. "ಗಾಡಿ ಬಿಡ್ರಿ, ಜೀವ ಹೋಗಾಕತ್ತೈತಿ," ಎಂದೆ.

ಅವನು ಮಂಚದ ಕಡೆ ನೋಡಿ ಕಣ್ಣು ತಿರುಗಿಸಿದ. ಕೆಟ್ಟವನಲ್ಲ, ಹೆದರಿದವನು. "ಖಾಲಿ ಡಬ್ಬಿ ಎಳ್ಕೊಂಡು ಹೋದ್ರ ನನ್ ನೌಕ್ರಿ ಹೋಗತೈತಪ್ಪಾ. ತುಂಬಿದ ಮ್ಯಾಲೆ ಒಂದ್ ನಿಮಿಷಾನೂ ನಿಲ್ಲಂಗಿಲ್ಲ. ಅದು ನನ್ ಮಾತು."

"ಅದು ಐದು ಗಂಟಿಗೆ ತುಂಬೋದು. ಅಷ್ಟೊತ್ತಿಗೆ ಈಕಿ ಇರಂಗಿಲ್ಲ."

"ನನ್ ಕೈಯಾಗ ಏನೈತಿ ಹೇಳು."

ನಾನು ಹಿಂದೆ ತಿರುಗಿದೆ. ಗೋಡೆ ಕುಸಿದ ಮೇಲೆ ಕೆಲಸ ನಿಲ್ಲಿಸಿ ಗುಂಪಾಗಿ ನಿಂತಿದ್ದ ಹೆಂಗಸರು, ಮಂಚದ ಹಿಂದೆ ಬಂದ ಗಂಡಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನಾನು ಆ ಮಾತು ಆಡಿದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಆಡಿದೆ.

"ಆ ಆರು ಡಬ್ಬಿ ತುಂಬಿದ್ರ ಗಾಡಿ ಬಿಡ್ತಾರಂತ."

ಅತ್ತೆ ಬಗ್ಗಿ ತನ್ನ ಬುಟ್ಟಿ ಎತ್ತಿಕೊಂಡಳು. ಸೊಸೆಯ ಮುಖ ನೋಡಲಿಲ್ಲ, ನೇರ ಅದಿರಿನ ರಾಶಿಗೆ ಹೋದಳು. ಅವಳ ಹಿಂದೆ ಎಲ್ಲರೂ.

ಅಂಥ ಕೆಲಸ ನಾನು ಅದರ ಮುಂಚೆ ನೋಡಿರಲಿಲ್ಲ, ಆಮೇಲೆ ನೋಡಬಾರದೆಂದು ಬೇಡಿದರೂ ನೋಡಬೇಕಾಯಿತು. ಹಾಡಿಲ್ಲ, ಮಾತಿಲ್ಲ. ಬರೀ ಕಾಲಿನ ಸದ್ದು, ಬುಟ್ಟಿ ಕವುಚುವ ಸದ್ದು. ಎಂದೂ ಬುಟ್ಟಿ ಮುಟ್ಟದ ಅಗೆಯುವ ಗಂಡಸರು ಹೊತ್ತರು. ಕಮ್ಮಾರ ಕುಲುಮೆ ಬಿಟ್ಟು ಬಂದ. ಮೇಸ್ತ್ರಿ ಕೋಟು ಕಳಚಿ ಮರಕ್ಕೆ ತೂಗುಹಾಕಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ಹೊತ್ತ. ಇದನ್ನು ಬರೆಯದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಬಸುರಿಯೊಬ್ಬಳು ಹೊರುತ್ತಿದ್ದಳು, ಬೇಡ ಎಂದರೆ ಕೇಳಲಿಲ್ಲ. ಡಬ್ಬಿಗೆ ಹಾಕಿದ ಹಲಗೆ ಏರುವಾಗ ಇಬ್ಬರು ಜಾರಿ ಬಿದ್ದು ಎದ್ದು ಮತ್ತೆ ಹೊತ್ತರು.

ನಾನು ಮಂಚದ ಪಕ್ಕ ಕುಳಿತು ನನ್ನ ಕೆಲಸ ಮಾಡುತ್ತಿದ್ದೆ. ಹನ್ನೆರಡು ಐದಕ್ಕೆ ಕಟ್ಟು ಸಡಿಲಿಸಿದಾಗ ರಕ್ತ ಜಿನುಗಿತು ಅಷ್ಟೇ. ಒತ್ತುಬಟ್ಟೆ ಬಿಗಿದು, ಮೇಲಿನ ಕಟ್ಟನ್ನು ಸಡಿಲವಾಗಿಯೇ ಬಿಟ್ಟೆ. ಪಾದಕ್ಕೆ ಸ್ವಲ್ಪ ಸ್ವಲ್ಪ ಬಿಸಿ ಬಂತು. ಎಲ್ಲವನ್ನೂ ಬರೆದೆ. ಸುಮ್ಮನೆ ಕುಳಿತ ಕೈಗೆ ಅಭ್ಯಾಸ ಬಿಡದು. ಗಾಯಾಳುವನ್ನು ಯಾವ ಹೊತ್ತಿಗೆ ಎಲ್ಲಿ ಏಕೆ ನಿಲ್ಲಿಸಿದ್ದೆವು ಎಂಬುದನ್ನೂ ಬರೆಯಬೇಕೆಂದು ಹವಾಲ್ದಾರ ಕಲಿಸಿದ್ದ. ಹಾಗಾಗಿ ಅದನ್ನೂ ಬರೆದೆ: ಹನ್ನೊಂದು ನಲವತ್ತು, ಡಬ್ಬಿ ತುಂಬಲು ಶುರು. ಒಂದು ಮೂವತ್ತೈದು, ಆರು ಡಬ್ಬಿ ತುಂಬಿ ಗಾಡಿ ಬಿಟ್ಟದ್ದು.

ಗಾರ್ಡ್ ತನ್ನ ಡಬ್ಬಿಯೊಳಗೆ ಮಂಚ ಇಡಲು ಒಪ್ಪಲಿಲ್ಲ. "ನನ್ ಡಬ್ಬ್ಯಾಗ ಹೆಣ ಆದ್ರ ನಾ ಏನ್ ಜವಾಬು ಕೊಡ್ಲಿ? ಹಿಂದಿನ ಡಬ್ಬಿ ಮಣ್ಣಿನ ಮ್ಯಾಲೆ ಇಡ್ರಿ. ನಾ ನೋಡಿಲ್ಲ," ಎಂದು ಮುಖ ಆಚೆ ಮಾಡಿದ. ಅದಿರನ್ನು ಮಟ್ಟ ಮಾಡಿ ಮಂಚ ಇಟ್ಟು, ಅತ್ತೆಯೂ ನಾನೂ ಎರಡು ಕಡೆ ಹಿಡಿದು ಕುಳಿತೆವು. ಹೊಸಪೇಟೆಯವರೆಗೆ ಬಿಸಿಲಿನಲ್ಲಿ ಅವಳ ಮುಖಕ್ಕೆ ಮುದುಕಿ ಸೆರಗು ಹಿಡಿದಿದ್ದಳು. ಗಾಡಿ ಕುಲುಕಿದಾಗಲೆಲ್ಲ ಅವಳು ನರಳುತ್ತಿದ್ದಳು. ನರಳಿದರೆ ನನಗೆ ಸಮಾಧಾನವಾಗುತ್ತಿತ್ತು.

ಹೊಸಪೇಟೆಯ ಸ್ಟೇಷನ್ನಿನಿಂದ ಆಸ್ಪತ್ರೆಗೆ ಹಮಾಲರು ಹೊತ್ತರು. ಅಲ್ಲಿನ ಡಾಕ್ಟರ್ ಮುಂಗೋಪಿ. ಬಿದಿರು, ಕಟ್ಟು, ಚೀಟಿ ನೋಡಿ, ತೆಲುಗು ಬೆರೆತ ಕನ್ನಡದಲ್ಲಿ, "ಎಲ್ಲಿ ಕಲಿತೆ?" ಎಂದ. ಹೇಳಿದೆ. ತಲೆಯಾಡಿಸಿ ಒಳಗೆ ಹೋದ. ಎರಡು ತಾಸಿನ ಮೇಲೆ ಹೊರಬಂದು, "ಕಾಲು ಉಳಿಯುತ್ತೆ ಅನ್ನಿಸುತ್ತೆ. ಒಂದೆರಡು ಅಂಗುಲ ಗಿಡ್ಡ ಆಗುತ್ತೆ. ಜೀವಕ್ಕೆ ಭಯ ಇಲ್ಲ," ಎಂದು, ಆ ಚೀಟಿಯನ್ನು ಕೈಯಲ್ಲಿ ಹಿಡಿದು, "ಇದನ್ನು ನಿಮ್ಮ ಕಂಪನಿಗೆ ಕಳಿಸ್ತೀನಿ. ಇಂಥ ಮನುಷ್ಯ ನಿಮ್ಮಲ್ಲಿದಾನೆ ಅಂತ ಅವರಿಗೂ ಗೊತ್ತಾಗಲಿ," ಎಂದ.

ಮುದುಕಿ ನನ್ನ ಕಾಲಿಗೆ ಬೀಳಲು ಬಂದಳು. ಹಿಡಿದುಕೊಂಡೆ. ಆ ಸಂಜೆ ಹೊಸಪೇಟೆಯ ಬೀದಿಯಲ್ಲಿ ನಾನು ಎದೆಯುಬ್ಬಿಸಿಕೊಂಡು ನಡೆದೆ. ಸುಳ್ಳು ಯಾಕೆ ಹೇಳಲಿ?

ಹದಿನೈದು ದಿನದ ಮೇಲೆ ದೊರೆ ನನ್ನನ್ನು ಕಚೇರಿಗೆ ಕರೆಸಿದ. ಮೇಜಿನ ಮೇಲೆ ಡಾಕ್ಟರ ಪತ್ರ, ಅದಕ್ಕೆ ಚುಚ್ಚಿದ ನನ್ನ ಚೀಟಿ, ರಕ್ತದ ಕಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ದೊರೆ ಎದ್ದು ನಿಂತು ನನ್ನ ಕೈ ಕುಲುಕಿದ. ಡೋಲಿಗೂ ಅಪ್ಪಣೆಯಾಯಿತು. ಹೊರಗೆ ಬರುವಾಗ ಗುಮಾಸ್ತ ಆ ಚೀಟಿಯನ್ನು ಬೆರಳಿಟ್ಟು ಓದುತ್ತಿದ್ದುದನ್ನು ಕಂಡೆ. ನನ್ನ ಅಕ್ಷರ ಚೆನ್ನಾಗಿದೆಯೇನೋ ಎಂದುಕೊಂಡೆ.

ಮುಂದಿನ ಸೋಮವಾರ ಡಂಗುರ ಹೊಡೆಸಿದ ಹಾಗೆ ಮೇಸ್ತ್ರಿ ಎಲ್ಲರನ್ನೂ ಸೇರಿಸಿ ಹೇಳಿದ: ಇನ್ನು ಮೇಲೆ ಡಬ್ಬಿಗಳು ಮಧ್ಯಾಹ್ನ ಎರಡರೊಳಗೆ ತುಂಬಬೇಕು, ಆಮೇಲೆ ಇನ್ನೊಂದು ಗಾಡಿ ಬರುತ್ತದೆ. ತಡವಾದರೆ ಅರ್ಧ ಕೂಲಿ.

ಅತ್ತೆಯೂ ಇನ್ನೂ ಹತ್ತು ಹೆಂಗಸರೂ ನನ್ನ ತಗಡಿನ ಕೋಣೆಗೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತರು.

"ಯಪ್ಪಾ, ನೀನ ಬರದೀಯಂತಲ್ಲ?"

"ಏನು ಬರದೆ?"

"ಆವತ್ತು ಎಷ್ಟೊತ್ತಿಗೆ ತುಂಬಿದ್ವಿ ಅನ್ನಾದು. ಗುಮಾಸ್ತ ಹೇಳಿದ. ಹಾಳ್ಯಾಗ ಐತಂತ. ನಿನ್ ಕೈ ಬರಹನ ಅಂತ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಬಾಗಿಲಿಗೆ ಬಂದೆ.

"ಅದು ಆಸ್ಪತ್ರಿಗೆ ಬರದಿದ್ದು ಯಮ್ಮಾ. ಆಕಿ ಕಾಲಿನ ಸಲುವಾಗಿ."

"ಇರಬಹುದಪ್ಪಾ," ಎಂದಳು ಮುದುಕಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮಗೇನ್ ಓದಾಕ ಬರ್ತೈತಾ."

ನಾನು ಮೇಸ್ತ್ರಿಯ ಹತ್ತಿರ ಹೋದೆ. ಅವನು ಮರದ ಕೆಳಗೆ ಒಬ್ಬನೇ ನಿಂತಿದ್ದ.

"ಇದು ನ್ಯಾಯ ಏನ್ರಿ? ಆವತ್ತು ನೀವೂ ಹೊತ್ತೀರಿ. ಯಾಕ ಹೊತ್ವಿ ಅನ್ನಾದು ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ. ದೊರಿಗೂ ಹೇಳ್ದೆ. ಮೂರು ದಿನ ನನ್ ಹೆಗಲು ನೊಂದಿತ್ತು ಅಂತನೂ ಹೇಳ್ದೆ."

"ಏನಂದ್ರು?"

"ಕಾಗದ ತೋರ್ಸಿದ್ರು. ಕಾಗದದಾಗ ಗಂಟಿ ಐತಿ, ಯಾಕ ಹಂಗ ಹೊತ್ವಿ ಅನ್ನಾದು ಇಲ್ಲ. ನಾ ಹೊತ್ತಿದ್ದೂ ಇಲ್ಲ, ಕಮ್ಮಾರ ಹೊತ್ತಿದ್ದೂ ಇಲ್ಲ, ಗಂಡಸ್ರು ಹೊತ್ತಿದ್ದೂ ಇಲ್ಲ." ಅವನು ನನ್ನ ಮುಖ ನೋಡಿ, "ಅಷ್ಟೆಲ್ಲ ಬರದಾಂವ ಅದನ್ನ ಯಾಕ ಬಿಟ್ಟಿ?" ಎಂದ.

ದೊರೆಯ ಹತ್ತಿರ ನಾನೇ ಹೋಗಿ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಸಮಾಧಾನವಾಗಿ ಕೇಳಿದ. ನಗುನಗುತ್ತ, ಆಗದ ಕೆಲಸವಾಗಿದ್ದರೆ ಆವತ್ತು ಹೇಗೆ ಆಯಿತು ಎಂದು ಕೇಳಿದ. ಹೊಸ ಡೋಲಿ ಬಂತೋ ಎಂದೂ ಕೇಳಿದ.

ಡೋಲಿ ಬಂತು, ಅದಕ್ಕೆ ಕೆಲಸವೂ ಬಂತು. ಹಲಗೆಯಿಂದ ಜಾರಿ ಬಿದ್ದವರು, ಬುಟ್ಟಿ ಕಾಲ ಮೇಲೆ ಬೀಳಿಸಿಕೊಂಡವರು, ನಡ ಹಿಡಿದವರು. ಆ ಬಸುರಿಯ ಗರ್ಭ ಇಳಿದುಹೋಯಿತು. ಮುಂಚೆ ವಾರಕ್ಕೆ ಎರಡು ಪಟ್ಟಿ ಕಟ್ಟುತ್ತಿದ್ದವನು ದಿನಕ್ಕೆ ನಾಲ್ಕು ಕಟ್ಟುತ್ತಿದ್ದೆ. ಕಟ್ಟಿಸಿಕೊಳ್ಳುವಾಗ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕೆಲವರು ನನ್ನ ಹತ್ತಿರ ಬರುವುದನ್ನೇ ಬಿಟ್ಟು ಗಾಯಕ್ಕೆ ಹೊಗೆಸೊಪ್ಪು ಮೆತ್ತಿಕೊಂಡು ಕೀವು ತುಂಬಿಸಿಕೊಂಡರು.

ನಾನು ಗಂಟೆ ಬರೆಯುವುದನ್ನು ನಿಲ್ಲಿಸಿದೆ. ಪೆನ್ಸಿಲ್ಲನ್ನೇ ಪೆಟ್ಟಿಗೆಯಿಂದ ತೆಗೆದೆ. ಅದನ್ನು ಒಂದು ಹಟವೆಂದುಕೊಂಡಿದ್ದೆ. ಅದರ ಫಲವೂ ಬಂತು. ಬೇಸಿಗೆಯಲ್ಲಿ ಒಬ್ಬ ಅಗೆಯುವವನ ಮುಂಗೈ ಕಲ್ಲಿಗೆ ಸಿಕ್ಕಿ ಜಜ್ಜಿತು. ರಟ್ಟೆಗೆ ಬಿಗಿದು ಹೊಸಪೇಟೆಗೆ ಕಳಿಸಿದೆ. ಅದೇ ಹೊತ್ತಿಗೆ ಇನ್ನೊಬ್ಬಳು ಹಲಗೆಯಿಂದ ಬಿದ್ದಿದ್ದರಿಂದ ನಾನು ಜೊತೆಗೆ ಹೋಗಲಾಗಲಿಲ್ಲ. ಕಾಲು ಗಂಟೆಗೊಮ್ಮೆ ಸಡಿಲಿಸಿ ಎಂದು ಜೊತೆಗೆ ಹೋದವರಿಗೆ ಹೇಳಿದ್ದೆ. ಸಡಿಲಿಸಿದರೆ ರಕ್ತ ಬರುತ್ತದೆಂದು ಹೆದರಿ ಅವರು ಮುಟ್ಟಲಿಲ್ಲ. ಬಿಗಿದು ಎಷ್ಟು ಹೊತ್ತಾಯಿತೆಂದು ಆಸ್ಪತ್ರೆಯಲ್ಲಿ ಕೇಳಿದರೆ, ಈಗಷ್ಟೇ ಎಂದರಂತೆ. ಚೀಟಿ ಇರಲಿಲ್ಲ. ಮುಂಗೈ ಹೋಗಬೇಕಾದಲ್ಲಿ ಇಡೀ ತೋಳು ಹೋಯಿತು.

ಡಾಕ್ಟರ್ ನನ್ನನ್ನು ಕರೆಸಿ ಎಲ್ಲರ ಮುಂದೆ ಬೈದ. "ಬೇರೆಯವನಾಗಿದ್ದರೆ ನಾನು ಮಾತಾಡುತ್ತಿರಲಿಲ್ಲ. ನಿನಗೆ ಗೊತ್ತಿತ್ತು."

ಯಾಕೆ ಬರೆಯಲಿಲ್ಲವೆಂದು ನಾನು ಹೇಳಲಿಲ್ಲ. ಹೇಳಿದ್ದರೆ, ತೋಳು ಹೋದವನ ಮುಂದೆ ಆ ಕಾರಣ ಏನು ತೂಗುತ್ತಿತ್ತು? ಮರುದಿನದಿಂದ ಮತ್ತೆ ಬರೆದೆ. ಬಿಗಿದದ್ದು, ಸಡಿಲಿಸಿದ್ದು, ಅಷ್ಟೇ. ಡಬ್ಬಿಯ ಮಾತು ಬರೆಯಲಿಲ್ಲ. ಅದನ್ನು ಬರೆಯಲು ಈಗ ಕಚೇರಿಯೇ ಒಬ್ಬನನ್ನು ಇಟ್ಟಿತ್ತು.

ಕಾಲು ಮುರಿದ ಹೆಂಗಸು ನಾಲ್ಕು ತಿಂಗಳ ಮೇಲೆ ಕೋಲೂರಿಕೊಂಡು ಬಂದಳು. ಬುಟ್ಟಿ ಹೊರಲು ಆಗದು, ಕಲ್ಲು ಆರಿಸುವ ಕೆಲಸಕ್ಕೆ ಕುಳಿತಳು. ಅವಳ ಪಕ್ಕ ಯಾರೂ ಕುಳಿತುಕೊಳ್ಳಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಎದ್ದು ದೂರ ಹೋಗುತ್ತಿದ್ದರು. ಒಂದು ದಿನ ನನ್ನ ಎದುರಿಗೇ ಒಬ್ಬಳು, "ನಿನ್ನ ಒಂದ್ ಕಾಲು ಉಳಿಸಾಕ ಹೋಗಿ ನಮ್ ಎಲ್ಲಾರ ನಡ ಮುರೀತವ್ವಾ," ಎಂದಳು. ಹಾಗೆ ಅಂದವಳೂ ಆವತ್ತು ಹಲಗೆಯಿಂದ ಜಾರಿ ಬಿದ್ದು ಎದ್ದು ಮತ್ತೆ ಹೊತ್ತವಳೇ. ಹೆಂಗಸು ತಲೆಯೆತ್ತಲಿಲ್ಲ, ಕಲ್ಲು ಆರಿಸುತ್ತಲೇ ಇದ್ದಳು. ಆ ವಾರವೇ ಗಂಡ ಬಂದು ಅವಳನ್ನು ಕಂಪ್ಲಿಗೆ ಕರೆದುಕೊಂಡು ಹೋದ. ಅತ್ತೆ ಹೋಗಲಿಲ್ಲ. ಇಬ್ಬರ ಕೂಲಿಯಲ್ಲಿ ಒಂದಾದರೂ ಉಳಿಯಲಿ ಎಂದಳು.

ಮುದುಕಿ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಒಂದು ದಿನ ಒಂದೂವರೆಯ ಹೊತ್ತಿಗೆ ಬುಟ್ಟಿ ಕವುಚಿ ಇಳಿದವಳು ಗಾಲಿಗೆ ಒರಗಿ ಕುಳಿತಳು. ಕರೆಯಲು ಬಂದರು, ಪೆಟ್ಟಿಗೆ ಹಿಡಿದು ಓಡಿದೆ. ಗಾಯವಿರಲಿಲ್ಲ, ರಕ್ತವಿರಲಿಲ್ಲ, ನಾಡಿಯೂ ಇರಲಿಲ್ಲ. ಕಟ್ಟಲು ಏನೂ ಇಲ್ಲದೆ ನಾನು ಅವಳ ತಲೆಯ ಸಿಂಬಿ ತೆಗೆದು ಪಕ್ಕಕ್ಕಿಟ್ಟೆ. ಉಳಿದವರು ನೋಡಿದರು, ಮತ್ತೆ ಹೊರಲು ಹೋದರು. ಎರಡು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಕೆಲವು ವರ್ಷಗಳ ಮೇಲೆ ನೆಂಟರ ಮದುವೆಗೆಂದು ಕಂಪ್ಲಿಗೆ ಹೋಗಿದ್ದೆ. ಹೊಸಪೇಟೆಯ ಬಸ್ಸಿಗೆ ಇನ್ನೂ ಸಮಯವಿತ್ತು, ದಾರಿಯ ಪಕ್ಕದ ಬೆಲ್ಲದ ಗಾಣದ ನೆರಳಲ್ಲಿ ನಿಂತೆ. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದ ಹೆಂಗಸು ಒಂದು ಕಾಲನ್ನು ನೆಟ್ಟಗೆ ಚಾಚಿ ಕುಳಿತಿದ್ದಳು. ಕುಳಿತೇ ಮಾಡಬಹುದಾದ ಕೆಲಸ. ಕಾಲಿನಿಂದಲೇ ನಾನು ಗುರುತು ಹಿಡಿದೆ.

ಅವಳೂ ಗುರುತು ಹಿಡಿದಳು. "ಕುಂದ್ರಿ ಅಣ್ಣಾ," ಎಂದು ಗೋಣಿಚೀಲ ಹಾಸಿದಳು. ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟುಕೊಟ್ಟಳು. ಒಲೆಯ ಕಡೆ ತಿರುಗಿ ಅವಳೇ ಕೇಳಿದಳು.

"ಈಗ ಎಷ್ಟೊತ್ತಿಗೆ ತುಂಬ್ತಾರ?"

"ಒಂದಕ್ಕ. ಇನ್ನೂ ಎರಡು ಡಬ್ಬಿ ಹೆಚ್ಚು ಮಾಡ್ಯಾರ."

ಅವಳು ತಲೆಯಾಡಿಸಿ ಒಲೆಗೆ ಇನ್ನೊಂದು ಹಿಡಿ ಸಿಪ್ಪೆ ಒಟ್ಟಿದಳು.

ಕಾಲು ನೋಡಲೇ ಎಂದು ಕೇಳಿದೆ. ಬೇಡವೆನ್ನಲಿಲ್ಲ. ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ತೊಡೆಯ ಗಾಯದ ಗುರುತು ಹೊಳೆಯುತ್ತಿತ್ತು, ಎಲುಬು ಗಟ್ಟಿಯಾಗಿ ಕೂಡಿತ್ತು. ಕೆಲಸವೇನೋ ಚೆನ್ನಾಗಿಯೇ ಆಗಿತ್ತು. ದಿನಾ ಹರಳೆಣ್ಣೆ ಕಾಯಿಸಿ ಹಚ್ಚಿ ಮೆಲ್ಲಗೆ ಮಡಚಿ ಮಡಚಿ ಬಿಡಬೇಕು, ಇಷ್ಟು ವರ್ಷವಾದರೂ ಸ್ವಲ್ಪ ಬಿಗಿ ಬಿಟ್ಟೀತು ಎಂದೆ.

"ಮಡಚಿ ಏನ್ ಮಾಡ್ಲಿ ಅಣ್ಣಾ," ಎಂದಳು. "ಮಡಚಾಕ ಬಂದ್ರ ಬುಟ್ಟಿ ಹೊರು ಅಂತಾರ."

ಬಸ್ಸು ಬಂತು. ನಾನು ಎದ್ದೆ. ಅವಳು ಏಳಲಿಲ್ಲ, ಕಡಾಯಿಯಲ್ಲಿ ಪಾಕ ಉಕ್ಕುತ್ತಿತ್ತು.